ಫಿಡಲ್ ಎಂದರೆ ಪಿಟೀಲು. ಸುಮ್ಮನೆ ಕೈಯಾಡಿಸುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ ಯಾಕೆ?

ಪಿಟೀಲು ನುಡಿಸುವ ಕೈಯ ಚಲನೆಯಿಂದಲೇ ಆ ಅರ್ಥ ಹುಟ್ಟಿತು. ಫಿಡಲ್ ಮೊದಲು ವಾದ್ಯದ ಹೆಸರು, ಆಮೇಲೆ ನುಡಿಸುವ ಕ್ರಿಯಾಪದ. 16ನೇ ಶತಮಾನದಲ್ಲಿ ಉದ್ದೇಶವಿಲ್ಲದೆ ಬೆರಳಾಡಿಸುವುದಕ್ಕೂ ಅದೇ ಬಳಕೆಗೆ ಬಂತು. (ನಮ್ಮ 'ಪಿಟೀಲು' ಕೂಡ ಫಿಡಲ್‌ನಿಂದಲೇ ಬಂದದ್ದು.)

ಉಡುಪಿಯ ರಾಜಾಂಗಣದಲ್ಲಿ ಕಛೇರಿ ಶುರುವಾಗುವ ಮೊದಲು ಪಿಟೀಲಿನವರನ್ನು ಗಮನಿಸಿ: ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ತಂತಿ ಮೀಟುತ್ತಾರೆ, ಮತ್ತೆ ತಿರುಗಿಸುತ್ತಾರೆ. ಶ್ರುತಿ ಸೇರಿಸುವುದು ತುಂಬಾ ಸೂಕ್ಷ್ಮದ ಕೆಲಸ. ಆದರೆ ದೂರದಿಂದ ನೋಡುವವರಿಗೆ ಬೆರಳಿನ ಚಡಪಡಿಕೆಯಷ್ಟೇ ಕಾಣುತ್ತದೆ.

ಬಳಸುವಾಗ 'ವಿತ್' ಮುಖ್ಯ. 'ಫಿಡಲಿಂಗ್ ವಿತ್ ದ ಪೆನ್' ಎಂದರೆ ಪೆನ್ನು ಹಿಡಿದು ಸುಮ್ಮನೆ ಆಡುವುದು. 'ವಿತ್' ಬಿಟ್ಟು 'ಫಿಡಲಿಂಗ್ ದಿ ಅಕೌಂಟ್ಸ್' ಎಂದರೆ ಲೆಕ್ಕದಲ್ಲಿ ಗೋಲ್‌ಮಾಲ್ ಮಾಡುವುದು.