ಟಾಮಹಾಕ್ ಸೆಮಿನಾರ್‌ಗೆ ದುಡ್ಡು ಕಟ್ಟೋ ಮುಂಚೆ ಏನೇನ್ ಕೇಳ್ಕೋಬೇಕು?

ಪ್ರಶ್ನೆ: ಸರ್ ನಮಸ್ಕಾರ. ನಾನು ಡಾಲಸ್ ಹತ್ರ ಫ್ರಿಸ್ಕೋದಲ್ಲಿರೋದು, ಸಾಫ್ಟ್‌ವೇರ್ ಕೆಲಸ, ವಯಸ್ಸು 38. ನಮ್ಮ ಟೀಮಲ್ಲಿ ಒಬ್ರು ಆರ್ಮಿಯಿಂದ ಬಂದೋರು, ಶನಿವಾರ ಒಂದಿನದ ಟಾಮಹಾಕ್ (ಅಂದ್ರೆ ಕೈಗೊಡಲಿ) ಸೆಲ್ಫ್ ಡಿಫೆನ್ಸ್ ಸೆಮಿನಾರ್ ಇದೆ ಬಾ ಅಂತ ಕರೀತಿದಾರೆ. ನಂಗೆ ಯಾವ ಮಾರ್ಷಲ್ ಆರ್ಟೂ ಗೊತ್ತಿಲ್ಲ, ಊರಲ್ಲಿ ಕೊಡಲಿ ಹಿಡಿದು ಸೌದೆ ಒಡೆದಿದ್ದಷ್ಟೇ. ಹೋಗ್ಲಾ ಬೇಡ್ವಾ? ಆಮೇಲೆ ಕಾರಲ್ಲಿ ಒಂದು ಇಟ್ಕೊಂಡ್ರೆ ಕಾನೂನಿನ ತೊಂದ್ರೆ ಏನಾದ್ರೂ ಇದ್ಯಾ?

ಉತ್ತರ: ಹೋಗಿ, ಖಂಡಿತ ಹೋಗಿ. ಆದ್ರೆ ದುಡ್ಡು ಕಟ್ಟೋ ಮುಂಚೆ ನಡೆಸೋರಿಗೆ ಒಂದು ಫೋನ್ ಮಾಡಿ, ಜೋಡಿಯಾಗಿ ಪ್ರಾಕ್ಟೀಸ್ ಮಾಡೋವಾಗ ಕೈಗೆ ಏನ್ ಕೊಡ್ತೀರಾ ಅಂತ ಕೇಳಿ. ರಬ್ಬರ್ ಅಥವಾ ಗಟ್ಟಿ ಪ್ಲಾಸ್ಟಿಕ್ ಟ್ರೇನರ್ (ಪ್ರಾಕ್ಟೀಸಿಗಿರೋ ಡಮ್ಮಿ ಟಾಮಹಾಕ್) ಕೊಡ್ತೀವಿ, ಕಣ್ಣಿಗೆ ಗ್ಲಾಸು ಕೈಗೆ ಗ್ಲೌಸು ಕಡ್ಡಾಯ ಅಂದ್ರೆ ಸರಿ. ಅಸಲಿ ಟಾಮಹಾಕ್‌ಗೇ ಕವರ್ ಹಾಕಿ ಆಡಿಸ್ತೀವಿ ಅಂದ್ರೆ ಆ ಕಡೆ ತಲೆ ಹಾಕ್ಬೇಡಿ, ಬೀಸೋ ರಭಸಕ್ಕೆ ಕವರ್ ಕಳಚಿಕೊಳ್ಳತ್ತೆ, ಕಳಚದೇ ಇದ್ರೂ ಅರ್ಧ ಕೆಜಿ ಕಬ್ಬಿಣ ತಲೆಗೆ ಬಿದ್ರೆ ಬುರುಡೆ ಒಡೆಯೋಕೆ ಅಷ್ಟು ಸಾಕು. ಅಸಲಿದೇನಿದ್ರೂ ಕಂಬಕ್ಕೆ ಕಟ್ಟಿದ ಹಳೇ ಟೈರಿನ ಮೇಲೆ, ಒಬ್ಬೊಬ್ರೇ, ಮಿಕ್ಕೋರೆಲ್ಲಾ ದೂರ ನಿಂತಿರಬೇಕು.

ನಿಮ್ಮ ಸೌದೆ ಒಡೆದ ಅನುಭವ ಇದ್ಯಲ್ಲ, ಅದನ್ನೇ ಮೊದಲು ಮರೀಬೇಕಾಗತ್ತೆ. ಸೌದೆ ನಿಂತ ಕಡೆ ನಿಂತಿರತ್ತೆ, ಮೈಯಲ್ಲಿರೋ ಶಕ್ತಿಯೆಲ್ಲಾ ಹಾಕಿ ಕೆಳಗೆ ಇಳಿಸ್ತೀವಿ, ಕೊಡಲಿ ಅಲ್ಲೇ ಕಚ್ಕೊಂಡ್ರೂ ಪರವಾಗಿಲ್ಲ. ಎದುರಿಗಿರೋನು ಪಕ್ಕಕ್ಕೆ ಸರೀತಾನೆ. ಟಾಮಹಾಕಿನ ಭಾರವೆಲ್ಲಾ ತುದೀಲಿ ಇರೋದ್ರಿಂದ ಏಟು ತಪ್ಪಿದ ತಕ್ಷಣ ಅದು ನಿಮ್ಮ ಕೈಯನ್ನೇ ಎಳ್ಕೊಂಡು ಹೋಗತ್ತೆ, ಎದೆ ಪೂರ್ತಿ ತೆರ್ಕೊಳ್ಳತ್ತೆ, ಆ ಒಂದು ಕ್ಷಣದಲ್ಲಿ ಅವನು ಒಳಗೆ ನುಗ್ಗಿ ಬಿಡ್ತಾನೆ. ತಗ್ಗಿಸಿ ಬೀಸಿದ್ರಂತೂ ನಿಜವಾಗ್ಲೂ ತನ್ನ ಕಾಲಿಗೆ ತಾನೇ ಕೊಡಲಿ ಪೆಟ್ಟು, ಸೀದಾ ಮೊಣಕಾಲಿನ ಕೆಳಗಿನ ಮೂಳೆಗೆ. ಅದಕ್ಕೇ ಒಳ್ಳೇ ಮೇಷ್ಟ್ರು ಬೆಳಗ್ಗೆ ಹೊತ್ತು ಹೊಡೆಯೋದಕ್ಕಿಂತ ಜಾಸ್ತಿ ತಪ್ಪಿದ ಏಟನ್ನ ವಾಪಸ್ ತರೋದನ್ನ ಕಲಿಸ್ತಾರೆ. ಬೀಸಿದ್ದನ್ನ ನಿಲ್ಲಿಸೋಕೆ ಹೋಗದೆ, ಮಣಿಕಟ್ಟು ತಿರುಗಿಸಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತಿಸಿ ಮತ್ತೆ ಭುಜದ ಹತ್ರ ತರೋದು, ಜೊತೆಗೇ ಕಾಲು ಒಂದು ಹೆಜ್ಜೆ ಓರೆಗೆ. ನಾನು ವಾರಾಂತ್ಯ ಹೇಳಿಕೊಡೋ ಫಿಲಿಪೀನ್ಸಿನ ಕಾಲಿ ಅನ್ನೋ ಬೆತ್ತ, ಚಾಕುವಿನ ಕಾಳಗ ವಿದ್ಯೆಯಲ್ಲೂ ಇದೇ ಕೋನಗಳು ಬೆತ್ತದಲ್ಲಿ ಬರತ್ತೆ, ಅಮೆರಿಕದ ಎಷ್ಟೋ ಟಾಮಹಾಕ್ ಕ್ಲಾಸುಗಳ ಬುನಾದಿ ಕೂಡ ಅಲ್ಲಿಂದಲೇ ಬಂದಿರೋದು.

ಬೆತ್ತದಲ್ಲೂ ಚಾಕುವಿನಲ್ಲೂ ಮಾಡೋಕಾಗದೇ ಇರೋದು ಒಂದಿದೆ, ಕೊಕ್ಕೆ. ಅಲಗಿನ ಕೆಳಗಿನ ಮೂಲೆಗೂ ಹಿಡಿಗೂ ಮಧ್ಯ ಒಂದು ಸಂದು ಇರತ್ತೆ ನೋಡಿ, ಅದನ್ನ ಎದುರಾಳಿಯ ಮಣಿಕಟ್ಟಿಗೆ ಅಥವಾ ಅವನ ಕೈಲಿರೋ ದೊಣ್ಣೆಗೆ ಸಿಕ್ಕಿಸಿ ಕೆಳಗೆಳೆದ್ರೆ ಅವನ ಭುಜ ಬಾಗತ್ತೆ, ನಿಮ್ಗೆ ಹಿಂದೆ ಸರಿದು ಬಾಗಿಲ ಕಡೆ ಹೋಗೋಕೆ ಟೈಮ್ ಸಿಗತ್ತೆ. ಒಂದೇ ದಿನದಲ್ಲಿ ಮೈಗೆ ಹತ್ತೋದು ಅಂದ್ರೆ ಇದು, ಟ್ರೇನರ್ ಹಿಡ್ಕೊಂಡು ಇದನ್ನ ಚೆನ್ನಾಗಿ ಮಾಡಿಸ್ಕೊಳ್ಳಿ.

ಟೀಮಿನೋರು ಆರ್ಮಿಯವರು ಅಂದ್ರಲ್ಲ, ಅದೂ ಸಹಜವೇ. ಉತ್ತರ ಅಮೆರಿಕದ ಪೂರ್ವ ಭಾಗದ ಮೂಲನಿವಾಸಿಗಳ ಆಯುಧ ಇದು, ಮೊದಲು ಕಲ್ಲಿನ ತಲೆ, ಯುರೋಪಿನೋರ ಜೊತೆ ವ್ಯಾಪಾರ ಶುರುವಾದ್ಮೇಲೆ ಕಬ್ಬಿಣದ್ದು. ಬ್ರಿಟಿಷರ ಪರ ಅಮೆರಿಕದಲ್ಲಿ ಹೋರಾಡಿದ ರೋಜರ್ಸ್ ರೇಂಜರ್ಸ್ ಅನ್ನೋ ಪಡೆಯ 1757ರ ನಿಯಮದಲ್ಲೇ ಸಂಜೆ ಹಾಜರಿಗೆ ಬಂದೂಕಿನ ಜೊತೆ ಕೈಗೊಡಲಿ ತರಬೇಕು ಅಂತಿದೆ. ವಿಯೆಟ್ನಾಂ ಯುದ್ಧದ ಟೈಮಲ್ಲಿ ಪೀಟರ್ ಲಗಾನಾ ಅನ್ನೋರು, ಅವರೂ ಮೊಹಾಕ್ ಅನ್ನೋ ಮೂಲನಿವಾಸಿ ಬುಡಕಟ್ಟಿನ ಮೂಲದೋರೇ, ಸಾವಿರಾರು ಟಾಮಹಾಕ್ ಮಾಡಿಸಿ ಸೈನಿಕರಿಗೆ ಮಾರಿದ್ರು, ಇವತ್ತು ನೋಡೋ ಕಪ್ಪು ಟ್ಯಾಕ್ಟಿಕಲ್ (ಸೈನ್ಯದ ಶೈಲಿಯ) ಟಾಮಹಾಕ್‌ಗಳು ಹುಟ್ಟಿದ್ದು ಆ ಮಾದರಿಯಿಂದ. ಈ ಇತಿಹಾಸ ಬಿಟ್ಟು ಯಾವುದೋ ಬುಡಕಟ್ಟಿನ ಹೆಸರು ಅಂಟಿಸಿ ಸಾವಿರಾರು ವರ್ಷದ ರಹಸ್ಯ ವಿದ್ಯೆ ಅಂತ ಮಾರೋರನ್ನ ಕಂಡ್ರೆ ನಂಗೆ ಕೋಪ ಬರತ್ತೆ. ಅಂಥ ಪೋಸ್ಟರ್ ಇದ್ರೆ ಆ ಸೆಮಿನಾರ್ ಬೇಡ.

ಇನ್ನು ಕಾರಿನ ವಿಷ್ಯ. ಟೆಕ್ಸಾಸ್ ರಾಜ್ಯದ ಅಪರಾಧ ಕಾನೂನು, ಪೀನಲ್ ಕೋಡ್ 46.01ರಲ್ಲಿ ದೊಣ್ಣೆ ಜಾತಿಯ ಆಯುಧಗಳ ಜೊತೆ ಟಾಮಹಾಕ್ ಅಂತ ಹೆಸರು ಹಿಡಿದೇ ಬರೆದಿದಾರೆ. 2019ರ ಸೆಪ್ಟೆಂಬರ್ 1ರಿಂದ ಅದನ್ನ ಹೊರಗೆ ಇಟ್ಕೊಂಡು ಓಡಾಡೋದಕ್ಕೆ ಇದ್ದ ನಿರ್ಬಂಧ ತೆಗೆದ್ರು, ಆದ್ರೆ ಸ್ಕೂಲು, ಕೋರ್ಟು, ಮತಗಟ್ಟೆ ಇಲ್ಲೆಲ್ಲಾ ಈಗ್ಲೂ ತರೋ ಹಾಗಿಲ್ಲ. ಬೇರೆ ರಾಜ್ಯಕ್ಕೆ ಹೋದ್ರೆ ಅಲ್ಲಿಂದು ಬೇರೆ ಕಾನೂನು. ನನ್ನ ಮಾತು ಕೇಳೋದಾದ್ರೆ ಕಾರಲ್ಲಿ ಇಡ್ಲೇಬೇಡಿ. ಮನುಷ್ಯನ ಮೇಲೆ ಟಾಮಹಾಕ್ ಬೀಸಿದ್ರೆ ಅದು ಪ್ರಾಣ ತೆಗೆಯೋ ಮಟ್ಟದ ಬಲ ಅಂತ ಕೋರ್ಟು ನೋಡಬಹುದು, ಪಾರ್ಕಿಂಗ್ ಜಗಳದಲ್ಲಿ ಅದು ಸೀಟಿನ ಕೆಳಗಿಂದ ಹೊರಗೆ ಬಂತು ಅಂದ್ರೆ ನೀವು ಸರಿಯಾಗಿದ್ರೂ ಕೇಸು ನಿಮ್ಮ ಮೇಲೇ ಬೀಳಬಹುದು, ವೀಸಾದಲ್ಲಿ ಇದ್ರೆ ಅದು ಬರೀ ವಕೀಲರ ಫೀಸಿಗೆ ಮುಗಿಯಲ್ಲ.

ಪ್ರಶ್ನೆ: ಸರ್, ಆಸ್ಟಿನ್‌ನಿಂದ ಬರೀತಿದೀನಿ. ನಾನು ಐದಡಿ ಇದೀನಿ, ತೋಳಲ್ಲಿ ಅಷ್ಟು ಬಲ ಇಲ್ಲ. ಗಂಡಸರೇ ತುಂಬಿರೋ ಇಂಥ ಕ್ಲಾಸಿಗೆ ನಾನು ಹೋದ್ರೆ ಉಪಯೋಗ ಇದ್ಯಾ?

ಉತ್ತರ: ಇದೆ ಮೇಡಂ. ಕೊನೇ ಎರಡು ಬೆರಳು ಬಿಗಿ ಹಿಡಿದು, ಕೈಯನ್ನ ಹಿಡಿಯ ಮೇಲೆ ಅಲಗಿನ ಹತ್ರಕ್ಕೆ ಜಾರಿಸ್ಕೊಂಡ್ರೆ ಟಾಮಹಾಕಿನ ಭಾರ ಅರ್ಧಕ್ಕರ್ಧ ಕಮ್ಮಿ ಆದಂಗೆ ಅನ್ಸತ್ತೆ, ತೀರಾ ಹತ್ರ ಬಂದೋರನ್ನ ತಳ್ಳೋಕೂ ಆ ಹಿಡಿತವೇ ಸರಿ. ಬಲಿಷ್ಠರೇ ಜಾಸ್ತಿ ತಪ್ಪು ಮಾಡೋದು, ಯಾಕಂದ್ರೆ ಜೋರಾಗಿ ಬೀಸ್ತಾರೆ. ಜೊತೆಗಾರ ಜೋರು ಮಾಡ್ತಿದಾನೆ ಅನ್ಸಿದ್ರೆ ಸಂಕೋಚ ಪಡದೆ ಮೇಷ್ಟ್ರಿಗೆ ಹೇಳಿ ಜೋಡಿ ಬದಲಾಯಿಸ್ಕೊಳ್ಳಿ. ಟೂರ್ನಿಕೆ (ಗಾಯದ ಮೇಲ್ಭಾಗಕ್ಕೆ ಬಿಗಿಯೋ ಪಟ್ಟಿ) ಕಟ್ಟೋದು, ರಕ್ತ ನಿಲ್ಲಿಸೋದು ಹೇಳಿಕೊಡ್ತಾರಾ ಅಂತ್ಲೂ ವಿಚಾರಿಸಿ, ಇಲ್ಲ ಅಂದ್ರೆ 2015ರಲ್ಲಿ ಶುರುವಾದ ಸ್ಟಾಪ್ ದ ಬ್ಲೀಡ್ ಕ್ಲಾಸು ಬೇರೆಯಾಗಿ ಮಾಡ್ಕೊಳ್ಳಿ, ಟಾಮಹಾಕ್ ಜೀವನದಲ್ಲಿ ಒಂದ್ಸಲಾನೂ ಬೇಕಾಗ್ದೇ ಇರಬಹುದು, ಇದು ರೋಡ್ ಆಕ್ಸಿಡೆಂಟಲ್ಲೂ ಬೇಕಾಗತ್ತೆ.

ಪ್ರಶ್ನೆ: ಸೆಮಿನಾರಲ್ಲಿ ಕೊಂಡ ಒಂದು ಟಾಮಹಾಕನ್ನ ಬೆಂಗಳೂರಲ್ಲಿರೋ ತಮ್ಮನಿಗೆ ಗಿಫ್ಟ್ ಕೊಡೋಣ ಅಂತಿದೀನಿ, ತರಬಹುದಾ ಸರ್?

ಉತ್ತರ: ತರಬೇಡಿ. ಅಮೆರಿಕದಲ್ಲಿ ವಿಮಾನದ ಕೈಚೀಲಕ್ಕಂತೂ ಇಲ್ವೇ ಇಲ್ಲ, ಅಲಗು ಸುತ್ತಿ ಚೆಕ್-ಇನ್ ಲಗೇಜಲ್ಲಿ ಹಾಕಿದ್ರೆ ಬಿಡ್ತಾರೆ. ಸಮಸ್ಯೆ ಇರೋದು ಇಳಿದ್ಮೇಲೆ. ನಮ್ಮ 2016ರ ಆರ್ಮ್ಸ್ ರೂಲ್ಸಲ್ಲಿ ಯುದ್ಧಗೊಡಲಿ ಆಯುಧಗಳ ಪಟ್ಟೀಲೇ ಇದೆ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇರೋದು ಆ ಲೆಕ್ಕಕ್ಕೆ ಬರತ್ತೆ, ಮನೆಗೆಲಸ ವ್ಯವಸಾಯಕ್ಕೆ ಅಂತ ಮಾಡಿದ್ದಕ್ಕೆ ವಿನಾಯಿತಿ. ಟ್ಯಾಕ್ಟಿಕಲ್ ಟಾಮಹಾಕನ್ನ ಸೌದೆ ಒಡೆಯೋಕೆ ಅಂತ ಕಸ್ಟಮ್ಸ್‌ನೋರಿಗೆ ಒಪ್ಪಿಸೋದು ಕಷ್ಟ. ತಮ್ಮನಿಗೆ ಆಸಕ್ತಿ ಇದ್ರೆ ಪ್ಲಾಸ್ಟಿಕ್ ಟ್ರೇನರ್ ಒಂದು ಜೊತೆ ತನ್ನಿ, ಇಬ್ರೂ ಸೇರಿ ಆ ಎಂಟರ ಸುತ್ತು ಪ್ರಾಕ್ಟೀಸ್ ಮಾಡಿ.