ಸಿಟಿ ನಾರ್ಮಲ್ ಬಂದ ಮೇಲೂ ಎಂಆರ್‌ಐ ಯಾಕೆ?

ರಾತ್ರಿ ಹತ್ತಕ್ಕೆ ಚೆನ್ನಾಗಿಯೇ ಮಲಗಿದ್ದ ನಿಮ್ಮ ತಂದೆಗೆ ಬೆಳಿಗ್ಗೆ ಎದ್ದಾಗ ಬಲಗೈ ಸ್ವಾಧೀನ ಇರಲಿಲ್ಲ, ಸಿಟಿ ನಾರ್ಮಲ್ ಅಂದವರು ಮತ್ತೆ ಎಂಆರ್‌ಐ ಮಾಡಿಸಿದ್ದು ದುಡ್ಡಿಗೋಸ್ಕರವಾ ಅಂತ ಕೇಳಿದ್ದೀರಿ. ಅನುಮಾನ ಸಹಜ, ಆದರೆ ಇಲ್ಲಿ ಹಾಗನ್ನಿಸುವುದಿಲ್ಲ.

ಸಿಟಿ ಮೊದಲು ಮಾಡುವುದು ಮುಖ್ಯವಾಗಿ ಮಿದುಳಲ್ಲಿ ರಕ್ತಸ್ರಾವ ಇದೆಯಾ ನೋಡಲು. ಇದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವಂತಿಲ್ಲ. ರಕ್ತನಾಳ ಕಟ್ಟಿಕೊಂಡು ಆದ ಲಕ್ವ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಕಾಣದೇ ಇರಬಹುದು. 'ನಾರ್ಮಲ್' ಅಂದರೆ ಲಕ್ವ ಇಲ್ಲ ಅಂತಲ್ಲ.

ಆ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಲಕ್ವ ಶುರುವಾದಾಗಿನಿಂದ ನಾಲ್ಕೂವರೆ ಗಂಟೆಯ ಗಡುವು. ನಿದ್ದೆಯಲ್ಲಿ ಆದದ್ದಕ್ಕೆ ಗಂಟೆ ಲೆಕ್ಕ ಹಾಕೋದು ಹೇಗೆ? ಎಂಆರ್‌ಐನ ಡಿಫ್ಯೂಷನ್ ಎಂಬ ಬಗೆಯ ಚಿತ್ರದಲ್ಲಿ ಮಿದುಳಿಗಾದ ಹಾನಿ ಬೇಗ ಬೆಳ್ಳಗೆ ಕಾಣುತ್ತದೆ, ಫ್ಲೇರ್ ಎಂಬ ಬಗೆಯದರಲ್ಲಿ ತಡವಾಗಿ. ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಕಾಣದಿದ್ದರೆ ಆಗಿ ಹೆಚ್ಚು ಹೊತ್ತಾಗಿಲ್ಲ ಅಂತ ಅಂದಾಜು. 2018ರ ವೇಕ್-ಅಪ್ ಅಧ್ಯಯನ ಈ ಲೆಕ್ಕದ ಮೇಲೆಯೇ ಚಿಕಿತ್ಸೆ ಕೊಟ್ಟು ಪ್ರಯೋಜನ ಕಂಡಿತು. ಒಂದರ್ಥದಲ್ಲಿ ಸ್ಕ್ಯಾನೇ ಗಡಿಯಾರ!

ಕುತ್ತಿಗೆ-ತಲೆಯ ರಕ್ತನಾಳದ ಆಂಜಿಯೋ (ನಾಳ ಎಲ್ಲಿ ಕಟ್ಟಿದೆ ಅಂತ ತೋರಿಸುವ ಸ್ಕ್ಯಾನ್) ಮಾಡಿದ್ದರಾ? ದೊಡ್ಡ ನಾಳ ಕಟ್ಟಿದ್ದರೆ, ಮಿದುಳಲ್ಲಿ ಉಳಿಸಬಹುದಾದ ಭಾಗ ಇದೆಯೆಂದು ಸ್ಕ್ಯಾನ್ ತೋರಿಸಿದವರಿಗೆ 24 ಗಂಟೆವರೆಗೂ ಕ್ಯಾಥೆಟರ್‌ನಿಂದ (ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಹೆಪ್ಪು ತೆಗೆಯುವುದುಂಟು. ಡಿಸ್ಚಾರ್ಜ್ ಸಮರಿಯಲ್ಲಿ ಅದನ್ನು ನೋಡಿ ಹೇಳಿ.