ಜಾಝ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿಕೊಂಡೇ ಬೆಳೆದವನು ನಾನು. ಜಾಝ್ ಮಾತ್ರ ತಲೆಗೆ ಹತ್ತುತ್ತಿಲ್ಲ. ಯಾವ ಆಲ್ಬಮ್ ಕೇಳಲಿ?
- ಓದುಗರೊಬ್ಬರು, ಪುತ್ತೂರು

ಉತ್ತರ: ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಸಾನಿ ರಾಲಿನ್ಸ್ ಅವರ 'ಸ್ಯಾಕ್ಸೋಫೋನ್ ಕೊಲೋಸಸ್' ಕೇಳಿ. 1956ರ ಜೂನ್‌ನಲ್ಲಿ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಧ್ವನಿಮುದ್ರಣವಾಯಿತು. ಸ್ಟುಡಿಯೋ ಅಂದರೆ ಧ್ವನಿಮುದ್ರಣ ಮಾಡಿದ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಅಪ್ಪ-ಅಮ್ಮನ ಮನೆಯ ಹಾಲ್! ರಾಲಿನ್ಸ್‌ಗೆ ಆಗ 25 ವರ್ಷ.

ಮೊದಲು 'ಸೇಂಟ್ ಥಾಮಸ್' ಹಾಕಿ. ಕೆರಿಬಿಯನ್ ಕಡೆಯ ಧಾಟಿ, ರಾಲಿನ್ಸ್‌ಗೆ ಚಿಕ್ಕಂದಿನಲ್ಲಿ ಅಮ್ಮನಿಂದ ಬಂದದ್ದು. ಮ್ಯಾಕ್ಸ್ ರೋಚ್ ಡ್ರಮ್ಸ್ ಶುರುವಾದರೆ ಕಾಲು ಸುಮ್ನೆ ಕೂರುವುದಿಲ್ಲ. ಆಮೇಲೆ ನೇರವಾಗಿ 'ಬ್ಲೂ ಸೆವೆನ್'ಗೆ ಹೋಗಿ. ಹನ್ನೊಂದು ನಿಮಿಷ ಇದೆ, ಹೆದರಬೇಡಿ. ಡಗ್ ವಾಟ್ಕಿನ್ಸ್ ಅವರ ಬಾಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ಒಂದೇ ಮೊದಲು ನಡೆಯುತ್ತದೆ. ನಂತರ ರಾಲಿನ್ಸ್ ಒಂದು ಪುಟ್ಟ ತುಣುಕು ಎತ್ತಿಕೊಂಡು, ಮುರಿದು, ತಿರುವಿ ಬೆಳೆಸುತ್ತಾರೆ. ಪಲ್ಲವಿಯ ಒಂದೇ ಸಾಲಿನ ಮೇಲೆ ನೆರವಲ್ ಕೇಳಿದ್ದೀರಲ್ವಾ? ಆ ಕಿವಿ ಇಲ್ಲೂ ಸಾಕು.

ಕದ್ರಿಯವರದು ಆಲ್ಟೋ ಸ್ಯಾಕ್ಸೋಫೋನ್, ಇದು ಅದಕ್ಕಿಂತ ದೊಡ್ಡದಾದ, ತಗ್ಗು ಸ್ಥಾಯಿಯ ಟೆನರ್. ದನಿ ದಪ್ಪ, ಸ್ವಲ್ಪ ಒರಟು. ಗಮಕ ಹುಡುಕಬೇಡಿ, ಬೇಜಾರಾಗುತ್ತದೆ. ಪಿಯಾನೋ ಟಾಮಿ ಫ್ಲಾನಗನ್ ಅವರದು, ಅಚ್ಚುಕಟ್ಟು. ಐದೇ ಹಾಡು, ಒಟ್ಟು ಸುಮಾರು 40 ನಿಮಿಷ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ ಮಾರಾಯ್ರೆ, ಬಾಸ್ ಕೇಳುವುದೇ ಇಲ್ಲ.